‘ಸು’ ಪಕ್ಕದ ಸೊನ್ನೆ

ಹೇಗಿದ್ದೀರಿ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಂದ ಬರುವುದು ಒಂದೇ ಮಾತು: ‘ಸುಮಾರು.’ ಮಂಡಿನೋವು ಹೇಗಿದೆ ಎಂದರೂ ಸುಮಾರು, ಮಳೆ ಹೇಗೆ ಬಂತು ಎಂದರೂ ಸುಮಾರು, ಪಕ್ಕದ ಮನೆಯವರ ಮದುವೆಯಲ್ಲಿ ಊಟ ಹೇಗಿತ್ತು ಎಂದರೂ ಸುಮಾರು. ಚೆನ್ನಾಗಿದ್ದೇನೆ ಎಂದರೆ ದೃಷ್ಟಿ ತಾಗೀತು, ಚೆನ್ನಾಗಿಲ್ಲ ಎಂದರೆ ಕೇಳಿದವರು ಅಲ್ಲೇ ಕುಳಿತು ಔಷಧಿ ಹೇಳಲು ಶುರುಮಾಡಿಯಾರು. ಈ ಒಂದು ಮಾತು ಎರಡರಿಂದಲೂ ಪಾರುಮಾಡುತ್ತದೆ. ಆದರೆ ಕಾಗದದ ಮೇಲೆ ಈ ಪದವನ್ನು ನಾನು ಮುಟ್ಟುವುದಿಲ್ಲ. ‘ಸು’ ಎಂದು ಬರೆದು ಪಕ್ಕಕ್ಕೆ ಚುಕ್ಕಿಯಿಟ್ಟು ಇಸವಿ ಹಾಕಬೇಕಾಗಿ ಬಂದರೆ ಕೈ ನಿಂತುಬಿಡುತ್ತದೆ.

ಮೊನ್ನೆಯೂ ಹಾಗೇ ಆಯಿತು. ತಮ್ಮ ಶಿವಣ್ಣನ ಮಗಳು ಒಂದು ಹಾಳೆ ತಂದು ಎದುರಿಗಿಟ್ಟಳು. ಜಮೀನಿನ ಖಾತೆ ಬದಲಾಯಿಸಲು ವಂಶವೃಕ್ಷ ಬೇಕಂತೆ. “ತಾತ ಅಜ್ಜಿ ಹುಟ್ಟಿದ ಇಸವಿ ಒಂದು ಅಂದಾಜು ಹಾಕ್ಬಿಡಿ ಅತ್ತೆ, ಯಾರೂ ಅಷ್ಟೊಂದು ನೋಡಲ್ಲ” ಎಂದಳು. ನನ್ನ ಅವ್ವ ಹೋದ ದಿನ, ವಾರ, ಗಂಟೆ ಎಲ್ಲವೂ ನನಗೆ ಗೊತ್ತು. ಬಂದದ್ದು ಯಾವಾಗ ಎಂದು ಅವಳಿಗೂ ಗೊತ್ತಿರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟು ‘ಮಕ್ಕಳು’ ಎಂಬ ಕಡೆ ಮೂರು ಹೆಸರು ಬರೆದೆ. ಹುಡುಗಿ ಬಗ್ಗಿ ನೋಡಿ, “ನೀವು, ಅಪ್ಪ. ಮಧ್ಯದಲ್ಲಿ ಇವರು ಯಾರು?” ಎಂದಳು. ಅವಳಿಗೆ ಏನೋ ಹೇಳಿ ಕಳಿಸಿದೆ. ನಿಮಗೆ ಹೇಳುತ್ತೇನೆ. ಆದರೆ ನಾನು ಯಾವುದನ್ನೂ ನೇರವಾಗಿ ಹೇಳುವವಳಲ್ಲ, ಸ್ವಲ್ಪ ತಾಳಿಕೊಳ್ಳಬೇಕು.

ಮಾಂಬಳ್ಳಿಯ ನಮ್ಮ ಮನೆಯಲ್ಲಿ ಯಾರಿಗೂ ಹುಟ್ಟಿದ ತಾರೀಖು ಇರಲಿಲ್ಲ. ಅಪ್ಪನ ತಾಯಿ, ನಮ್ಮಜ್ಜಿಯ ಪಂಚಾಂಗವೇ ಬೇರೆ. ಅಪ್ಪ ಹುಟ್ಟಿದ್ದು ಕೆರೆಯ ಏರಿ ಒಡೆದ ವರ್ಷ. ಸೋದರತ್ತೆ ಹುಟ್ಟಿದ್ದು ಕರಿ ಎಮ್ಮೆ ಕಳೆದುಹೋಗಿ ಸಿಕ್ಕಿದ ವರ್ಷ. ನಾನು ಹುಟ್ಟಿದ್ದು ಹಿತ್ತಲ ಹಲಸಿನ ಮರ ಮೊದಲ ಸಲ ಕಾಯಿ ಕಚ್ಚಿದಾಗ. ಒಡೆದ ಏರಿ ಯಾವ ಇಸವಿಯದು ಎಂದು ಕೇಳಿದರೆ ಅಜ್ಜಿಗೆ ಸಿಟ್ಟು ಬರುತ್ತಿತ್ತು. “ನಿಮ್ಮಪ್ಪ ಉಟ್ದಾಗ ಒಡೀತು ಅಂತ ಯೋಳ್ನಿಲ್ವಾ?” ಎನ್ನುತ್ತಿದ್ದಳು.

ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎಂದರು. ಮುಟ್ಟಿದೆ. ಅದೇ ನನ್ನ ಜಾತಕ. ಜೂನ್ ಒಂದನೇ ತಾರೀಖು ಎಂದು ಬರೆದುಕೊಂಡರು. ನನ್ನ ಹಿಂದೆ ನಿಂತಿದ್ದವರಿಗೂ ಅದೇ ತಾರೀಖು, ಅವರ ಹಿಂದಿನವರಿಗೂ ಅದೇ. ಆ ರಿಜಿಸ್ಟರು ನಂಬುವುದಾದರೆ ಮಾಂಬಳ್ಳಿಯ ಹೆಂಗಸರೆಲ್ಲ ಒಂದೇ ದಿನ ಹೆತ್ತು ವರ್ಷದ ಮಿಕ್ಕ ದಿನ ಸುಮ್ಮನಿದ್ದಿರಬೇಕು. ನನ್ನ ತೋಳು ಮಾತ್ರ ವಯಸ್ಸಿಗಿಂತ ಉದ್ದ ಎಂದು ಆಮೇಲೆ ತಿಳಿಯಿತು. ಆ ತೋಳಿನ ದೆಸೆಯಿಂದ ಒಂದು ವರ್ಷ ಮೊದಲೇ ರಿಟೈರಾದೆ.

ಮುಂದೆ ನಾನೇ ಟೀಚರಾಗಿ ಹೂಗ್ಯಂಗೆ ಹೋದಾಗ ಅದೇ ರಿಜಿಸ್ಟರು ನನ್ನ ಕೈಗೆ ಬಂತು. ಕಾಡಂಚಿನ ಊರು. ಮಗಳನ್ನು ಸೇರಿಸಲು ಬಂದ ಒಬ್ಬ ಅಪ್ಪನನ್ನು ಮಗು ಹುಟ್ಟಿದ್ದು ಯಾವಾಗ ಎಂದು ಕೇಳಿದೆ. “ಆನೆ ನಮ್ಮ ರಾಗಿ ವೊಲ ತುಳೀತಲ್ಲ, ಆಗ ಕನಮ್ಮೋ” ಎಂದ. ಆನೆ ಪ್ರತಿ ವರ್ಷವೂ ತುಳಿಯುತ್ತದಲ್ಲಪ್ಪ, ಯಾವ ಸಲದ್ದು ಎಂದೆ. ಅವನು ಬಹಳ ಹೊತ್ತು ಯೋಚಿಸಿದ. “ಜಾಸ್ತಿ ತುಳಿದ ಸಲ” ಎಂದ. ನಾನು ನಗಲಿಲ್ಲ, ಜೂನ್ ಒಂದು ಎಂದೂ ಬರೆಯಲಿಲ್ಲ. ಅವನನ್ನು ಕೂರಿಸಿಕೊಂಡು, ಆಗ ಮಳೆಯಿತ್ತಾ, ಜೇನಿನ ಕಾಲವಾ, ಹಿರಿಯವನಿಗೆ ಹಲ್ಲು ಬಿದ್ದಿತ್ತಾ ಎಂದು ಒಂದೊಂದೇ ಕೇಳಿ, ತಿಂಗಳಿನ ತನಕ ಬಂದು, ಆಮೇಲೆ ಬರೆದೆ. ಜೊತೆಯ ಮೇಷ್ಟರು, “ಮೇಡಂ ಪೊಲೀಸ್ ಇಲಾಖೆಗೆ ಹೋಗಬೇಕಾಗಿತ್ತು” ಎಂದು ಗೇಲಿ ಮಾಡಿದರು. ಮಾಡಲಿ ಬಿಡಿ. ಅಷ್ಟು ಹೊತ್ತಿಗಾಗಲೇ ನಾನು ಒಂದು ತಪ್ಪು ಮಾಡಿ ಮುಗಿಸಿದ್ದೆ.

ಅದಕ್ಕೆ ಮೊದಲು ಎರಡು ಸಣ್ಣ ಸಂಗತಿ. ನಮ್ಮ ಸೀಮೆಯ ಬಾಯಿಗೆ ‘ಹ’ಕಾರ ಹತ್ತುವುದಿಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಹನೂರು ಅನೂರಾಗುತ್ತದೆ, ಹಾಲು ಆಲಾಗುತ್ತದೆ. ಹೆಸರು ‘ಎಸರು’ ಆಗುತ್ತದೆ. ಮುದ್ದೆಗೆ ಒಲೆಯ ಮೇಲೆ ಕುದಿಯಲು ಇಡುವ ನೀರೂ ಎಸರೇ. ಹಾಗಾಗಿ ನಮ್ಮಲ್ಲಿ ಎಸರಿಟ್ಟಾಯ್ತು ಎಂದರೆ ಒಲೆಗೆ ನೀರಿಟ್ಟಾಯಿತೋ ತೊಟ್ಟಿಲ ಕೂಸಿಗೆ ಹೆಸರಿಟ್ಟಾಯಿತೋ ಎಂದು ಹೊಸಬರಿಗೆ ತಿಳಿಯುವುದಿಲ್ಲ. ಮೂವತ್ತು ವರ್ಷ ಮಕ್ಕಳ ನಾಲಗೆ ತಿದ್ದಿದ ನಾನೇ ಮನೆಗೆ ಬಂದು ಚಪ್ಪಲಿ ಬಿಡುವಾಗ ‘ಹ’ವನ್ನೂ ಬಾಗಿಲಲ್ಲೇ ಬಿಡುತ್ತಿದ್ದೆ.

ಎರಡನೆಯದು ನನ್ನ ಕೈಬರಹ. ದುಂಡಗೆ ಬರೆಯುತ್ತೇನೆಂಬ ಜಂಬ ನನಗೆ ಹುಡುಗಿಯಾಗಿದ್ದಾಗಿನಿಂದ. ಅಕ್ಷರವಷ್ಟೇ ಅಲ್ಲ, ವಾಕ್ಯದ ಕೊನೆಯ ಚುಕ್ಕಿಯನ್ನೂ ದುಂಡಗೆ ಸುತ್ತುತ್ತಿದ್ದೆ. “ಏನಮ್ಮ ನಾಗಮ್ಮ, ಚುಕ್ಕಿ ಇಡು ಅಂದರೆ ಸೊನ್ನೆ ಸುತ್ತುತ್ತೀಯಲ್ಲ” ಎಂದು ಟ್ರೈನಿಂಗಿನಲ್ಲಿ ಮೇಷ್ಟರು ಎಷ್ಟೋ ಸಲ ಬೈದರು. ಸೊನ್ನೆ ನೋಡಲು ಚೆಂದ, ನಾನು ಬಿಡಲಿಲ್ಲ.

ಈಗ ಹನೂರಿಗೆ ಬರುತ್ತೇನೆ. ಅದು ಅವ್ವನ ತವರು. ನಮ್ಮ ಯಳಂದೂರು ಸೀಮೆ ಮೊದಲಿನಿಂದ ಮೈಸೂರಿಗೆ ಸೇರಿದ್ದು. ಕೊಳ್ಳೇಗಾಲ, ಹನೂರು ಕಡೆಯೆಲ್ಲ ಆಗ ಮದರಾಸಿನದು. ಅವ್ವ ಹೊಳೆಯ ಆಚೆಗಲ್ಲ, ಸರ್ಕಾರದ ಆಚೆಗೆ ಹೆರಿಗೆಗೆ ಹೋಗುತ್ತಿದ್ದಳು ಎಂದು ಅಪ್ಪ ತಮಾಷೆ ಮಾಡುತ್ತಿದ್ದದ್ದುಂಟು. ಐವತ್ತಾರನೇ ಇಸವಿಯಲ್ಲಿ ಅವ್ವ ಎರಡನೆಯ ಬಾಣಂತನಕ್ಕೆ ಹೊರಟಳು. ನನ್ನನ್ನು ಅಜ್ಜಿಯ ಹತ್ತಿರ ಬಿಟ್ಟಳು. ಬಸ್ಸಿನ ಕಿಟಕಿಯಿಂದ ಕೈ ಚಾಚಿ ನನ್ನ ಕೆನ್ನೆ ಹಿಂಡಿದ್ದು ನೆನಪಿದೆ. ಬರುವಾಗ ತಂಗಿಯನ್ನೋ ತಮ್ಮನನ್ನೋ ತರುತ್ತೇನೆ ಎಂದಿದ್ದಳು. ಬಂದದ್ದು ಒಬ್ಬಳೇ. ತಂಗಿ ಎಲ್ಲಿ ಎಂದು ನಾನು ಕೇಳಿದಾಗ ಅಜ್ಜಿ ಬಾಯಿಯ ಮೇಲೆ ಒಂದು ಕೊಟ್ಟಳು. ಅಲ್ಲಿಂದ ಹನ್ನೆರಡು ವರ್ಷ ಆ ಮಾತು ನಮ್ಮ ಮನೆಯಲ್ಲಿ ಏಳಲಿಲ್ಲ.

ಅರವತ್ತೆಂಟರ ಬೇಸಿಗೆಯಲ್ಲಿ, ಬಹಳ ವರ್ಷ ನಮ್ಮ ಕಡೆ ಬಾರದಿದ್ದ ಹೆಳವ ಬಂದ. ಹೆಳವರನ್ನು ನೀವು ನೋಡಿಲ್ಲದಿದ್ದರೆ ಹೇಳಬೇಕು. ಅವರು ಮನೆತನಗಳ ಪೀಳಿಗೆ ಬರೆದಿಟ್ಟುಕೊಳ್ಳುವವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಐದಾರು ವರ್ಷಕ್ಕೊಮ್ಮೆ ಬಾಗಿಲಿಗೆ ಬಂದು, ನಮ್ಮ ತಾತನ ತಾತನಿಂದ ಶುರುಮಾಡಿ ಎಲ್ಲರ ಹೆಸರನ್ನೂ ರಾಗವಾಗಿ ಓದುತ್ತಾರೆ. ಹಿಂದಿನ ಸಲದಿಂದ ಈಚೆಗೆ ಹುಟ್ಟಿದವರನ್ನು, ಲಿಂಗೈಕ್ಯರಾದವರನ್ನು ಕೇಳಿ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಮೊರದ ತುಂಬ ಧಾನ್ಯ ಕೊಟ್ಟು ಕಳಿಸುವುದು ನಮ್ಮ ಕಡೆಯ ಮರ್ಯಾದೆ. ಹೆಳವನ ಪುಸ್ತಕದಲ್ಲಿದ್ದವನು ನಮ್ಮವನು, ಇಲ್ಲದವನು ಅಲ್ಲ. ಕೋರ್ಟಿಗೆ ಹೋದವರೂ ಕೊನೆಗೆ ಅವನ ಪುಸ್ತಕ ನೋಡೋಣ ಎನ್ನುತ್ತಿದ್ದರು.

ಆ ವರ್ಷ ನಮ್ಮ ಹೆಳವನ ಕಣ್ಣು ಮಂಜಾಗಿತ್ತು. “ಓದಿರೋ ಮಗ್ಳು ಅವ್ಳಲ್ಲ ಬುದ್ಧಿ, ಒಂದು ಆಳೆ ಮೇಲೆ ಬರ್ಸಿ ಕೊಡ್ಸಿ. ಬಿಡಾರಕ್ಕ ವೋಗಿ ನಿಧಾನ್ವಾಗಿ ಪುಸ್ತಕಕ್ಕ ಏರುಸ್ಕತೀನಿ” ಎಂದ. ಅಪ್ಪ ಜಗಲಿಯ ಮೇಲೆ ಕುಳಿತಿದ್ದ, ಅಜ್ಜಿ ಕಂಬಕ್ಕೆ ಒರಗಿದ್ದಳು. ನಾನು ಕಾಗದ, ಪೆನ್ನು ಹಿಡಿದು ದರ್ಬಾರಿಗೆ ಕುಳಿತಂತೆ ಕುಳಿತೆ. ಅಪ್ಪನ ವಯಸ್ಸು ಹೇಳುವವರಿಲ್ಲ, ಏರಿಯನ್ನು ಲೆಕ್ಕ ಹಾಕಿ ಇಸವಿ ಹಾಕಿದೆ. ಆದರೆ ಟ್ರೈನಿಂಗಿಗೆ ಸೇರಿದವಳಲ್ಲವೇ, ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆಯಬಾರದು. ಎಲ್ಲರ ಇಸವಿಯ ಹಿಂದೆಯೂ ಒಂದೊಂದು ‘ಸು’ ಬರೆದು ಪಕ್ಕದಲ್ಲಿ ನನ್ನ ಚೆಂದದ ಚುಕ್ಕಿ ಸುತ್ತಿದೆ. ನಾಗಮ್ಮ, ಸು. ಶಿವಣ್ಣ, ಸು. ಆಯಿತು ಎಂದು ಎದ್ದೆ.

ಬಾಗಿಲ ಮರೆಯಿಂದ ಅವ್ವನ ದನಿ ಬಂತು. “ಇನ್ನೊಬ್ಳು ಅವ್ಳೆ.”

ಅಜ್ಜಿ ತಿರುಗಿಯೂ ನೋಡಲಿಲ್ಲ. “ಎಸರಿಡದ ಕೂಸ್ನ ಯಾರಾರು ಬರಸ್ತಾರ? ಅದು ಲೆಕ್ಕಕ್ಕಿಲ್ಲ ಬುಡು.”

“ಒಂಬತ್ತು ತಿಂಗ್ಳು ವೊತ್ತಿದ್ದು ಲೆಕ್ಕಕ್ಕಿಲ್ವಾ? ಅದಿನೇಳು ದಿನ ಆಲು ಕುಡ್ಸಿವ್ನಿ. ಬರ್ಕಳ್ಲಿ.”

ಅವ್ವ ಅತ್ತೆಗೆ ಎದುರಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೆಳವ ಎತ್ತಿನ ಮೇಲೆ ಕುಳಿತೇ ಸಮಾಧಾನ ಹೇಳಿದ. “ಬರ್ಕಬೌದು ತಾಯಿ. ಎಸ್ರಿಲ್ದಿದ್ರ ಇಸ್ವಿಯಾದ್ರೂ ಬೇಕು. ಎಸ್ರೂ ಇಲ್ಲ, ಇಸ್ವಿನೂ ಇಲ್ಲ ಅಂದ್ರ ನಾ ಏನ ಬರ್ಕಳ್ಲಿ?”

ಅವ್ವ ಹೊಸ್ತಿಲಿಗೆ ಬಂದಳು. “ಅನೂರು ಮದರಾಸಲ್ಲಿದ್ದಾಗ ಉಟ್ಟುದ್ಲು. ಮೈಸೂರ್ಗ ಸೇರ್ತು ಅಂತ ಇಸ್ಕೂಲ್ ಮಕ್ಕಳ್ಗ ಮಿಠಾಯಿ ಅಂಚುದ್ರಲ್ಲ, ಅವತ್ತು ಅವಳ್ಗ ಎಂಟು ದಿನ. ಅದಾಗಿ ಒಂಬತ್ತು ದಿನಕ್ಕ ವೋದ್ಲು. ಎಸ್ರು ತರ್ತೀನಿ ಅಂದಿದ್ದವ್ರು ಅದಿನೆಂಟ್ನೇ ದಿನ ಬಂದ್ರು.”

ಕೊನೆಯ ಮಾತು ಅಪ್ಪನಿಗೆ. ನಮ್ಮಲ್ಲಿ ಹೆಸರು ಗಂಡನ ಮನೆಯಿಂದ ಹೋಗಬೇಕು. ಹನ್ನೊಂದನೇ ದಿನಕ್ಕೆ ತೊಟ್ಟಿಲಿಗೆ ಹಾಕುವುದೆಂದು ಹನೂರಿನಲ್ಲಿ ಎಲ್ಲ ಅಣಿಮಾಡಿ ಕಾದಿದ್ದರು. ಗದ್ದೆಗೆ ನೀರಿನ ಸರದಿಯಿದೆ, ಮುಗಿಸಿ ಬರುತ್ತೇನೆ ಎಂದು ಅಪ್ಪ ಹೇಳಿಕಳಿಸಿದ. ಸರದಿ ಮುಗಿಸಿ, ಕೊಳ್ಳೇಗಾಲದಲ್ಲಿ ತೊಟ್ಟಿಲಿಗೆ ಹೊಸ ಬಟ್ಟೆ, ಸಕ್ಕರೆ ಕೊಂಡು ಹನೂರಿನಲ್ಲಿ ಬಸ್ಸಿಳಿದಾಗ ಮಗುವನ್ನು ಮಣ್ಣುಮಾಡಿ ಒಂದು ದಿನವಾಗಿತ್ತು. ಜ್ವರ ಎಂದರು. ಅವನು ಯಾವ ಹೆಸರು ತಂದಿದ್ದನೋ ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಇದಿಷ್ಟೂ ನನಗೆ ಗೊತ್ತಾದದ್ದು ಆ ಹೊತ್ತಿನಲ್ಲೂ ಅಲ್ಲ, ಆಮೇಲೆ ಚೂರು ಚೂರಾಗಿ.

ಹೆಳವ ಬೆರಳು ಮಡಿಸಿದ. “ಮೈಸೂರ್ಗ ಸೇರಿದ್ದು ಐವತ್ತಾರು. ದುರ್ಮುಖಿ ಸಂವತ್ಸರ. ಅದ್ನೇ ಬರ್ಕಳ್ಲಾ ಬುದ್ಧಿ?”

ಅಪ್ಪ ನೆಲ ನೋಡುತ್ತ, “ಐವತ್ತೇಳೂ ಇರ್ಬೌದು. ನಂಗ ಸರ್ಯಾಗಿ ಗ್ಯಾನ ಇಲ್ಲ. ಸುಮಾರಾಗಿ ಬರ್ದುಬುಡವ್ವ” ಎಂದ. ಐವತ್ತೇಳು ಎಂದರೆ ಹೇವಿಳಂಬಿ. ಅಪ್ಪನಿಗೆ ಜ್ಞಾಪಕವಿಲ್ಲದೆ ಏನು? ಮೂರು ತಲೆಮಾರಿನ ಗದ್ದೆಯ ಎಲ್ಲೆ ಹೇಳುತ್ತಿದ್ದವನು. ಇಸವಿ ತುಸು ಅತ್ತಿತ್ತ ಆದರೆ ಆ ಹದಿನೆಂಟನೇ ದಿನವೂ ಅತ್ತಿತ್ತ ಆದೀತು ಎಂದು ಅವನಿಗೆ ಆಸೆಯಿದ್ದಿರಬೇಕು. ಈಗ ಅರ್ಥವಾಗುತ್ತದೆ. ಆಗ ನನಗೆ ಕಂಡದ್ದು ಇಬ್ಬರ ನಡುವಿನ ಒಂದು ವ್ಯಾಜ್ಯ, ತೀರ್ಪು ಕೊಡಬೇಕಾದ ಜಾಣೆ ನಾನು. ಅವ್ವನ ಇಸವಿ ಬರೆದೆ, ಅದರ ಹಿಂದೆ ಅಪ್ಪನ ‘ಸುಮಾರು’ ಇಟ್ಟೆ: ‘ಎರಡನೆಯದು ಹೆಣ್ಣು, ಸು. ೧೯೫೬.’ ಇಬ್ಬರಿಗೂ ನ್ಯಾಯ ಕೊಟ್ಟೆನೆಂದು ಹೆಮ್ಮೆಪಟ್ಟೆ.

ಅವ್ವನಿಗೆ ಓದು ಬಾರದು. ಹಾಳೆಯ ಮೇಲೆ ಬೆರಳಿಟ್ಟು, “ಎಲ್ಲಿ ಬರ್ದೆ? ಏನಂತ ಬರ್ದೆ?” ಎಂದಳು. ಓದಿ ಹೇಳಿದೆ.

“ಸುಮಾರು ಯಾಕವ್ವ?”

“ಎಲ್ಲಾರ್ಗೂ ಅಂಗೇ ಬರ್ದಿವ್ನಿ ಕನವ್ವ.”

“ಮಿಕ್ಕವ್ರ್ದು ಸುಮಾರಾಗ್ಲಿ. ಇವಳ್ದು ನಂಗ ಗೊತ್ತಲ್ಲ.”

ಅಷ್ಟು ಹೇಳಿ ಒಳಗೆ ಹೋದಳು. ಆ ಹಾಳೆಯಲ್ಲಿದ್ದ ಹದಿನಾಲ್ಕು ಜನರಲ್ಲಿ ಹುಟ್ಟಿದ್ದೂ ಹೋದದ್ದೂ ದಿನದ ಲೆಕ್ಕದಲ್ಲಿ ಗೊತ್ತಿದ್ದದ್ದು ಆ ಕೂಸೊಂದರದೇ. ಅದಕ್ಕೂ ನಾನು ಅಂದಾಜಿನ ಮುದ್ರೆ ಒತ್ತಿದ್ದೆ. ಒಂದಕ್ಷರ, ಒಂದು ಚುಕ್ಕಿ ಹೊಡೆದುಹಾಕಿದ್ದರೆ ಆಗುತ್ತಿತ್ತು. ಹಾಳೆಯ ಅಂದ ಕೆಡುತ್ತದೆ ಎಂದು ಹಾಗೇ ಮಡಿಸಿ ಹೆಳವನ ಕೈಗೆ ಕೊಟ್ಟೆ. ಹೂಗ್ಯಂನಲ್ಲಿ ಆ ಅಪ್ಪನನ್ನು ಅಷ್ಟು ಹೊತ್ತು ಕೂರಿಸಿಕೊಂಡದ್ದು ಯಾಕೆಂದು ಜೊತೆಯ ಮೇಷ್ಟರಿಗೆ ಹೇಗೆ ಹೇಳುವುದು?

ಹೆಳವ ಮತ್ತೆ ಬಂದದ್ದು ಎಪ್ಪತ್ತನಾಲ್ಕರಲ್ಲಿ. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದಳು. ನಾನು ರಜಕ್ಕೆ ಬಂದಿದ್ದೆ. ಅಪ್ಪ ಅದೇ ಜಗಲಿಯ ಮೇಲೆ, ಮೊದಲಿಗಿಂತ ಬಾಗಿ ಕುಳಿತಿದ್ದ. ಅವ್ವ ರಾಗಿಯ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೆಳವನಿಗೆ ಈಗ ದಪ್ಪ ಕನ್ನಡಕ ಬಂದಿತ್ತು. ಪುಸ್ತಕದ ಕೆಂಪು ಬಟ್ಟೆ ಬಿಚ್ಚಿ, ಶಿವನನ್ನು ನೆನೆದು, ತಾತನ ತಾತನಿಂದ ಶುರುಮಾಡಿದ. ಹೆಸರಿನ ಹಿಂದೆ ಹೆಸರು ಬಂತು, ಅಪ್ಪ ಬಂದ.

“ಮಾದಪ್ಪನೋರ ಮಡದಿ ಗೌರಮ್ಮ. ಇವರ ಒಟ್ಟೇಲಿ ಉಟ್ಟಿದ ಇರಿ ಮಗ್ಳು ನಾಗಮ್ಮ. ಎರಡ್ನೇ ಮಗ್ಳು ಸುಂದ್ರಮ್ಮ, ದುರ್ಮುಖಿ ಸಂವತ್ಸರ, ಅಸುಗೂಸಲ್ಲೇ ಲಿಂಗೈಕ್ಯ. ಮೂರ್ನೇವ್ನು ಮಗ ಶಿವಣ್ಣ...”

ನಾನು ಅರ್ಧ ಎದ್ದುಬಿಟ್ಟೆ. ಸುಂದ್ರಮ್ಮ ಯಾರು? ಆಮೇಲೆ ಹೊಳೆಯಿತು. ನನ್ನ ದುಂಡು ಚುಕ್ಕಿ! ‘ಸು’ ಪಕ್ಕದ ಚುಕ್ಕಿಯನ್ನು ಮುದುಕ ಸೊನ್ನೆ ಎಂದುಕೊಂಡಿದ್ದ. ಹೆಸರಿದ್ದ ಕಡೆಯೆಲ್ಲ ಅದು ಓದು ಕಲಿತವರ ಏನೋ ಒಂದು ಗುರುತು ಎಂದುಕೊಂಡು ಬಿಟ್ಟಿದ್ದ. ಹೆಳವರ ಪುಸ್ತಕದಲ್ಲಿ ಸುಮಾರು ಎಂಬುದು ಇಲ್ಲ, ಬರೆದದ್ದು ಬರೆದದ್ದೇ. ಆದರೆ ಹೆಸರಿಲ್ಲದ ಆ ಒಂದು ಸಾಲಿನಲ್ಲಿ ‘ಸುಂ’ ಎಂದು ಕಂಡಾಗ, ಹುಡುಗಿ ಹೆಸರನ್ನು ಅರ್ಧ ಬರೆದು ಬಿಟ್ಟಿದ್ದಾಳೆ ಎಂದುಕೊಂಡು ಮಿಕ್ಕದ್ದನ್ನು ತಾನೇ ತುಂಬಿಸಿದ್ದ.

ತಪ್ಪು ಕಂಡರೆ ತಿದ್ದುವುದು ನನ್ನ ಕಸುಬು. ‘ಅದು ಹೆಸರಲ್ಲ, ಸುಮಾರು’ ಎಂಬ ಮಾತು ತುಟಿಗೆ ಬಂದಿತ್ತು. ಅಷ್ಟರಲ್ಲಿ ಅವ್ವ ಮೊರವನ್ನು ನೆಲದ ಮೇಲಿಟ್ಟಳು.

“ಅದ್ನ ಇನ್ನೊಂದ್ ಸಲ ಓದಪ್ಪ.”

ಹೆಳವ ಓದಿದ. ಎರಡನೇ ಮಗಳು ಸುಂದ್ರಮ್ಮ.

ಅವ್ವ ಅಪ್ಪನ ಕಡೆ ತಿರುಗಿದಳು. ಅಷ್ಟು ವರ್ಷಗಳಲ್ಲಿ ಅವಳು ಅಪ್ಪನ ಮುಖವನ್ನು ಹಾಗೆ ನೇರವಾಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ. ತನಗೆ ಹೇಳದೆ ಅವನೇ ಹೆಳವನ ಕಿವಿಗೆ ಹಾಕಿದ್ದಾನೆ ಎಂದು ಅವಳು ತಿಳಿದಿದ್ದಳು.

“ಇದೇಯಾ ಅವತ್ತು ತಂದಿದ್ದ ಎಸರು?”

ಅಪ್ಪ ನನ್ನನ್ನು ನೋಡಿದ. ಹಾಳೆ ಬರೆದವಳು ನಾನು ಎಂದು ಅವನಿಗೆ ಗೊತ್ತು, ಅದರಲ್ಲಿ ಹೆಸರು ಇರಲಿಲ್ಲ ಎಂದೂ ಗೊತ್ತು. ಅವನ ಕಣ್ಣು ಕೇಳುತ್ತಿದ್ದದ್ದು ನನಗೆ ತಿಳಿಯಿತು. ನಾನು ಎದ್ದಿದ್ದವಳು ಕುಳಿತೆ.

“ಊಂ ಕನ” ಎಂದ ಅಪ್ಪ. ಅದು ಸುಳ್ಳೋ, ಅಥವಾ ಅವನು ಬಸ್ಸಿನಲ್ಲಿ ಹೊತ್ತು ತಂದದ್ದು ನಿಜವಾಗಿಯೂ ಆ ಹೆಸರನ್ನೇ ಏನೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಸಾಯುವ ತನಕ ನಾನು ಕೇಳಲಿಲ್ಲ. ಕೇಳಲು ಹೆದರಿದೆ.

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ಅಡುಗೆಮನೆಗೆ ಹೋದಳು. ಹೆಳವ ಮುಂದಕ್ಕೆ ಓದಿ, ಅಜ್ಜಿಯನ್ನು ಲಿಂಗೈಕ್ಯದ ಸಾಲಿಗೆ ಬರೆದುಕೊಂಡು ಪುಸ್ತಕ ಕಟ್ಟಿದ. ಊಟ ಮಾಡಿಸಿ ಕಳಿಸಬೇಕು. ಒಳಗಿನಿಂದ ಸದ್ದೇ ಇಲ್ಲ. ಬಹಳ ಹೊತ್ತು ಕಾದು ಅಪ್ಪ ಮೆಲ್ಲಗೆ ಕೂಗಿದ.

“ಗೌರಿ, ಏನಾಯ್ತು ಒಳಗ?”

“ಎಸರಿಟ್ಟಾಯ್ತು” ಎಂದಳು ಅವ್ವ.

ನಾನು ಎದ್ದು ಒಳಗೆ ಹೋದೆ. ಅವಳು ಗೋಡೆಗೆ ಒರಗಿ ಕುಳಿತು ಅಳುತ್ತಿದ್ದಳು. ಒಲೆ ಇನ್ನೂ ಹೊತ್ತಿಸಿರಲಿಲ್ಲ.